ಸತ್ತಿಲ್ಲ, ಮಲಗಿದೆ!

ಕಳೆದ ಜೂನ್ ತಿಂಗಳ ಒಂದು ಸಂಜೆ. ನಮ್ಮೂರಿನಲ್ಲಿ ಮುಂಗಾರು ಹಿಡಿದಿತ್ತು. ಒಂಬತ್ತನೆಯ ತರಗತಿಯ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಾ ಕುಳಿತಿದ್ದೆ. ಅಷ್ಟರಲ್ಲಿ ಮೊಬೈಲಿಗೆ ಒಂದು ಸಂದೇಶ ಬಂತು. "ಸರ್, ರಾಗಿ ಸತ್ತುಹೋಯಿತೋ ಏನೋ. ಒಂಬತ್ತು ದಿನದಿಂದ ಏನೂ ತಿಂದಿಲ್ಲ. ಮೈ ತಣ್ಣಗಿದೆ. ಮಗಳು ಅಳು ನಿಲ್ಲಿಸುತ್ತಿಲ್ಲ. ಏನು ಮಾಡಲಿ?"

ಸಂದೇಶ ಕಳುಹಿಸಿದವಳು ಇಪ್ಪತ್ತೆರಡು ವರ್ಷಗಳ ಹಿಂದೆ ನನ್ನಲ್ಲಿ ವಿಜ್ಞಾನ ಓದಿದ ಹುಡುಗಿ. ಈಗ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಗಂಡ ಮತ್ತು ಹನ್ನೊಂದು ವರ್ಷದ ಮಗಳ ಜೊತೆ ನೆಲೆಸಿದ್ದಾಳೆ. ರಾಗಿ ಎಂಬುದು ಅವರ ಮನೆಯ ಸಾಕುಪ್ರಾಣಿ. ನಾಯಿಯೂ ಅಲ್ಲ, ಬೆಕ್ಕೂ ಅಲ್ಲ, ಒಂದು ಓತಿ! ಇಂಗ್ಲಿಷಿನಲ್ಲಿ ಅದಕ್ಕೆ ಬಿಯರ್ಡೆಡ್ ಡ್ರ್ಯಾಗನ್ ಎಂದು ಹೆಸರು. ಮೈಬಣ್ಣ ರಾಗಿ ಹಿಟ್ಟನ್ನು ನೆನಪಿಗೆ ತಂದಿದ್ದರಿಂದ ಮನೆಯವರು ಈ ಹೆಸರಿಟ್ಟಿದ್ದರು.

ಸಂದೇಶದ ಜೊತೆ ಒಂದು ಚಿತ್ರವೂ ಇತ್ತು. ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ, ಮರದ ತುಂಡಿನ ಅಡಿಗೆ ತಲೆ ತೂರಿಸಿಕೊಂಡು, ಕಣ್ಣು ಮುಚ್ಚಿ, ಕಾಲುಗಳನ್ನು ಹಿಂದಕ್ಕೆ ಚಾಚಿ ರಾಗಿ ಬಿದ್ದುಕೊಂಡಿತ್ತು. ನೋಡಿದರೆ ಸತ್ತಂತೆಯೇ ಇತ್ತು. ಆದರೆ ನನಗೆ ಒಂದು ವಿಷಯ ಹೊಳೆಯಿತು. ಜೂನ್ ತಿಂಗಳು ನಮಗೆ ಮಳೆಗಾಲ. ಸಿಡ್ನಿಗೆ ಅದು ಚಳಿಗಾಲದ ಆರಂಭ. ಭೂಮಿಯ ಅಕ್ಷ ಓರೆಯಾಗಿರುವುದರಿಂದ ದಕ್ಷಿಣಾರ್ಧ ಗೋಳದ ಋತುಗಳು ನಮಗೆ ತಿರುವುಮುರುವು ಎಂಬುದನ್ನು ಇದೇ ಹುಡುಗಿಗೆ ಗ್ಲೋಬು ಮತ್ತು ಟಾರ್ಚು ಹಿಡಿದು ಪಾಠ ಮಾಡಿದ್ದೆ. "ಹೊಟ್ಟೆ ಏಳುತ್ತಾ ಇಳಿಯುತ್ತಾ ಇದೆಯೇ, ಎರಡು ನಿಮಿಷ ಕಣ್ಣು ಕೀಳದೆ ನೋಡು" ಎಂದು ಉತ್ತರಿಸಿದೆ. ಮೂರು ನಿಮಿಷದ ನಂತರ ಮರುಸಂದೇಶ ಬಂತು: "ಹೌದು ಸರ್! ತುಂಬಾ ನಿಧಾನವಾಗಿ."

ಸತ್ತಿರಲಿಲ್ಲ. ಮಲಗಿತ್ತು. ಆದರೆ ಇದು ನಮ್ಮ ನಿಮ್ಮ ನಿದ್ದೆಯಲ್ಲ.

ಯಾರೀ ಗಡ್ಡಧಾರಿ?

ಈ ಪ್ರಾಣಿಯ ವೈಜ್ಞಾನಿಕ ಹೆಸರು ಪೊಗೋನಾ ವಿಟ್ಟಿಸೆಪ್ಸ್. ಪೊಗೋನ್ ಎಂದರೆ ಗ್ರೀಕ್ ಭಾಷೆಯಲ್ಲಿ ಗಡ್ಡ. 1926ರಲ್ಲಿ ಜರ್ಮನಿಯ ಪ್ರಾಣಿವಿಜ್ಞಾನಿ ಅರ್ನ್ಸ್ಟ್ ಆಲ್ ಇದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದರು. ಆಸ್ಟ್ರೇಲಿಯಾದ ಪೂರ್ವ ಮತ್ತು ಮಧ್ಯಭಾಗದ ಒಳನಾಡಿನ ಕುರುಚಲು ಕಾಡು, ಬಯಲು, ಮರುಭೂಮಿಗಳು ಇದರ ತವರು. ಬಾಲವೂ ಸೇರಿ ಸುಮಾರು ಎರಡು ಅಡಿ ಉದ್ದ ಬೆಳೆಯಬಲ್ಲದು. ಗಂಟಲಿನ ಕೆಳಗೆ ಮುಳ್ಳುಮುಳ್ಳಾದ ಚರ್ಮದ ಚೀಲವಿದೆ. ಹೆದರಿದಾಗ ಅದನ್ನು ಉಬ್ಬಿಸಿ ಕಪ್ಪಗೆ ಮಾಡಿಕೊಳ್ಳುತ್ತದೆ. ಆಗ ಥೇಟ್ ಗಡ್ಡ ಬಿಟ್ಟಂತೆ! ಸೊಪ್ಪು, ಹೂವು, ಹುಳುಹುಪ್ಪಟೆ ಎಲ್ಲವೂ ಇದರ ಆಹಾರ.

ಇಷ್ಟು ದೂರದ ಪ್ರಾಣಿಯ ಉಸಾಬರಿ ನಮಗೇಕೆ ಎನ್ನಬೇಡಿ. ಇದು ಅಗಾಮಿಡೆ ಎಂಬ ಕುಟುಂಬಕ್ಕೆ ಸೇರಿದೆ. ನಮ್ಮ ಬೇಲಿಯ ಮೇಲೆ ತಲೆ ಆಡಿಸುತ್ತಾ ಕೂರುವ ಓತಿಕ್ಯಾತನೂ ಇದೇ ಕುಟುಂಬದ್ದು. ತೇಜಸ್ವಿಯವರ 'ಕರ್ವಾಲೋ' ಓದಿದವರಿಗೆಲ್ಲ ಪರಿಚಿತವಾದ ಹಾರುವ ಓತಿಯೂ ಇದೇ ಬಳಗದ್ದು. ಅಂದರೆ ಸಿಡ್ನಿಯ ರಾಗಿ ನಮ್ಮ ಓತಿಕ್ಯಾತನಿಗೆ ದೂರದ ದಾಯಾದಿ!

ನಿದ್ದೆಯ ಗುಟ್ಟೇನು?

ಓತಿ, ಹಾವು, ಆಮೆ ಮುಂತಾದ ಸರೀಸೃಪಗಳನ್ನು ಶೀತರಕ್ತ ಪ್ರಾಣಿಗಳೆಂದು ಪಠ್ಯಪುಸ್ತಕಗಳು ಕರೆಯುತ್ತವೆ. ಈ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಮೈ ಕಾಯಿಸಿಕೊಂಡ ಓತಿಯ ರಕ್ತ ನಮ್ಮ ರಕ್ತದಷ್ಟೇ ಬಿಸಿಯಾಗಿರಬಹುದು. ವ್ಯತ್ಯಾಸ ಇರುವುದು ಶಾಖದ ಮೂಲದಲ್ಲಿ. ನಾವು ತಿಂದ ಅನ್ನವನ್ನು ಉರಿಸಿ ಒಳಗಿನಿಂದಲೇ ಮೈ ಬೆಚ್ಚಗಿಟ್ಟುಕೊಳ್ಳುತ್ತೇವೆ. ಓತಿ ಆ ಶಾಖವನ್ನು ಸೂರ್ಯನಿಂದ ಕಡ ತರುತ್ತದೆ. ಒಲೆ ನಮ್ಮ ಒಳಗಿದೆ. ಅದರ ಒಲೆ ಹೊರಗಿದೆ.

ಇದರಿಂದ ಅದಕ್ಕೆ ಲಾಭವೂ ಉಂಟು. ಒಲೆಗೆ ಸೌದೆ ಒಟ್ಟುವ ಕೆಲಸವಿಲ್ಲದ್ದರಿಂದ ಅದಕ್ಕೆ ಬೇಕಾಗುವ ಆಹಾರ ತೀರ ಕಡಿಮೆ. ಆದರೆ ಚಳಿಗಾಲ ಬಂದಾಗ ಮೈ ತಣ್ಣಗಾಗುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿದರೆ ದೇಹದ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಅರ್ಧಕ್ಕೆ ಅಥವಾ ಅದಕ್ಕೂ ಕೆಳಕ್ಕೆ ಇಳಿಯುತ್ತದೆ. ಹುಳುಗಳೂ ಸಿಗುವುದಿಲ್ಲ. ಇಂಥ ಕಾಲದಲ್ಲಿ ಓಡಾಡುವುದು ನಷ್ಟದ ವ್ಯಾಪಾರ. ಆದ್ದರಿಂದ ಕಾಡಿನ ಗಡ್ಡದ ಓತಿ ಬಿಲದಲ್ಲೋ ತರಗೆಲೆಯ ಅಡಿಯಲ್ಲೋ ಸೇರಿಕೊಂಡು ಚಳಿಗಾಲ ಕಳೆಯುತ್ತದೆ.

ಇದನ್ನು ಶಿಶಿರನಿದ್ರೆ ಎಂದರೆ ಸಾಲದೇ ಎಂದು ಜಾಣ ವಿದ್ಯಾರ್ಥಿಗಳು ಕೇಳಬಹುದು. ಅನೇಕರು ಹಾಗೆಯೇ ಹೇಳುತ್ತಾರೆ. ಆದರೆ ಶಿಶಿರನಿದ್ರೆಯಲ್ಲಿರುವ ನೆಲದ ಅಳಿಲಿನಂಥ ಸ್ತನಿಗಳು ತಮ್ಮ ಕೊಬ್ಬನ್ನು ಉರಿಸಿ ತಾವೇ ಮೈ ಬಿಸಿ ಮಾಡಿಕೊಂಡು ಏಳಬಲ್ಲವು. ಓತಿಗೆ ಅದು ಸಾಧ್ಯವಿಲ್ಲ. ಹೊರಗಿನ ಬಿಸಿಯೇ ಬೇಕು. ಅದು ನಡುನಡುವೆ ಅರೆ ಎಚ್ಚರಗೊಂಡು ನೀರು ಕುಡಿದು ಮತ್ತೆ ಮಲಗುವುದೂ ಉಂಟು. ಈ ವ್ಯತ್ಯಾಸ ತೋರಿಸಲು ಅಮೆರಿಕದ ವಿಜ್ಞಾನಿ ಮೇಹ್ಯೂ 1965ರಲ್ಲಿ ಬ್ರುಮೇಷನ್ ಎಂಬ ಪದವನ್ನು ಬಳಕೆಗೆ ತಂದರು. ಬ್ರುಮಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಚಳಿಗಾಲ. ನಾನು ತರಗತಿಯಲ್ಲಿ ಇದನ್ನು 'ಚಳಿತೂಕಡಿಕೆ' ಎನ್ನುತ್ತೇನೆ.

ದೀಪ, ಶಾಖ ಎಲ್ಲ ಇರುವ ಮನೆಯ ಪೆಟ್ಟಿಗೆಯಲ್ಲಿ ಹುಟ್ಟಿ ಬೆಳೆದ ರಾಗಿಗೆ ಚಳಿಗಾಲ ಬಂತೆಂದು ಹೇಳಿದವರಾರು? ಜೂನ್ ಕೊನೆಯ ವಾರ ಸಿಡ್ನಿಯಲ್ಲಿ ಹಗಲು ಸುಮಾರು 10 ಗಂಟೆ ಮಾತ್ರ. ಕಿಟಕಿಯ ಬೆಳಕು ಬೇಗ ಕಂದುತ್ತದೆ. ರಾತ್ರಿ ಕೋಣೆ ತಣ್ಣಗಾಗುತ್ತದೆ. ಇನ್ನೊಂದು ಸ್ವಾರಸ್ಯವಿದೆ. ಈ ಓತಿಯ ನೆತ್ತಿಯ ಮೇಲೆ ಸಾಸಿವೆಯಷ್ಟು ಚಿಕ್ಕದಾದ ಮೂರನೆಯ ಕಣ್ಣಿದೆ! ಅದರಿಂದ ಆಕಾರ ಕಾಣದು. ಬೆಳಕು ಕತ್ತಲೆ ತಿಳಿಯುತ್ತದೆ. ಹಗಲು ಗಿಡ್ಡವಾದರೆ ಅದು ಲೆಕ್ಕ ಹಿಡಿಯುತ್ತದೆ.

ಓತಿಗಳ ದಿನನಿತ್ಯದ ನಿದ್ದೆಯೂ ಕಡೆಗಣಿಸುವಂಥದ್ದಲ್ಲ. 2016ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಮ್ಯಾಕ್ಸ್ ಪ್ಲಾಂಕ್ ಮಿದುಳು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದೇ ಜಾತಿಯ ಓತಿಗಳು ಮಲಗಿದ್ದಾಗ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದರು. ನಮ್ಮಲ್ಲಿರುವಂತೆಯೇ ಅವುಗಳಲ್ಲೂ ಗಾಢ ನಿದ್ದೆ ಮತ್ತು ಕಣ್ಣುಗುಡ್ಡೆ ಚಲಿಸುವ ನಿದ್ದೆ ಎಂಬ ಎರಡು ಹಂತಗಳು, ಸುಮಾರು 80 ಸೆಕೆಂಡುಗಳಿಗೊಂದು ಸುತ್ತಿನಂತೆ, ಒಂದಾದ ಮೇಲೊಂದು ಬರುತ್ತಿದ್ದವು. ನಿದ್ದೆ ಎಂಬುದು ಎಷ್ಟು ಹಳೆಯ ಆಸ್ತಿ ನೋಡಿ!

ಪ್ರೀತಿಯಿಂದ ಆದ ತಪ್ಪು

ಇನ್ನು ಕಥೆಗೆ ಬರೋಣ. ಹೊಟ್ಟೆ ಆಡುತ್ತಿದೆ ಎಂದು ತಿಳಿದು ಮನೆಮಂದಿಗೆ ಜೀವ ಬಂತು. ಆದರೆ ನಾನು ಮೇಷ್ಟ್ರು, ಪಶುವೈದ್ಯನಲ್ಲ. ಚಳಿತೂಕಡಿಕೆಗೂ ಕಾಯಿಲೆಗೂ ಹೊರನೋಟಕ್ಕೆ ಬಹಳ ಹೋಲಿಕೆ ಇದೆ. ಊಟ ಬಿಡುವುದು, ಮೂಲೆ ಹಿಡಿಯುವುದು ಎರಡರಲ್ಲೂ ಉಂಟು. ಹಾಗಾಗಿ ಸರೀಸೃಪಗಳನ್ನು ಬಲ್ಲ ಡಾಕ್ಟರ ಹತ್ತಿರ ನಾಳೆಯೇ ಕರೆದುಕೊಂಡು ಹೋಗು ಎಂದೆ. ಆಗ ಅವಳು ಮೆಲ್ಲಗೆ ಒಂದು ವಿಷಯ ತಿಳಿಸಿದಳು. "ಸರ್, ಬೆಳಿಗ್ಗೆ ನಾನೇ ಬಾಯಿ ಬಿಡಿಸಿ ಬೇಯಿಸಿದ ಕುಂಬಳಕಾಯಿ ತಿನ್ನಿಸಿದೆ. ಎರಡು ಚಮಚ ಹೋಗಿರಬಹುದು."

ಮಗು ಊಟ ಬಿಟ್ಟರೆ ನಮ್ಮ ತಾಯಂದಿರ ಕೈ ಸುಮ್ಮನಿರುತ್ತದೆಯೇ? ಆದರೆ ಓತಿಯ ವಿಷಯದಲ್ಲಿ ಇದೇ ದೊಡ್ಡ ಅಪಾಯ. ಆಹಾರ ಜೀರ್ಣವಾಗಬೇಕಾದರೆ ಕಿಣ್ವಗಳು ಕೆಲಸ ಮಾಡಬೇಕು. ಗಡ್ಡದ ಓತಿಯಲ್ಲಿ ಅದಕ್ಕೆ ಮೈಯುಷ್ಣತೆ ಸುಮಾರು 35 ಡಿಗ್ರಿ ಇರಬೇಕು. ತಣ್ಣಗಿನ ಹೊಟ್ಟೆಯಲ್ಲಿ ಉಳಿದ ಆಹಾರ ಜೀರ್ಣವಾಗದೆ ಕೊಳೆಯುತ್ತದೆ. ಅದರಿಂದ ಪ್ರಾಣಿ ಸಾಯಲೂಬಹುದು. ಹಸಿವಿನಿಂದ ಸಾಯುತ್ತದೆಂದು ತಿನ್ನಿಸಿದ ತುತ್ತೇ ಕೊಲ್ಲುವಂತಾಗುತ್ತದೆ.

ಡಾಕ್ಟರು ರಾಗಿಯನ್ನು ತೂಗಿದರು: 412 ಗ್ರಾಂ. ಕಣ್ಣು ಗುಳಿಬಿದ್ದಿರಲಿಲ್ಲ, ಬಾಯಲ್ಲಿ ಲೋಳೆ ಇರಲಿಲ್ಲ, ಉಸಿರಿನಲ್ಲಿ ಗೊರಗೊರ ಸದ್ದಿರಲಿಲ್ಲ. ಬಾಲದ ಬುಡ ದಪ್ಪಗಿತ್ತು. ವಯಸ್ಸು ಮೂರು ವರ್ಷ. ಇದು ಚಳಿಗಾಲದ ನಿದ್ದೆಯೇ ಎಂದು ಹೇಳಿ, ಆದರೆ ಕುಂಬಳಕಾಯಿ ಹೊರಬರುವವರೆಗೆ ಮಲಗಲು ಬಿಡಬೇಡಿ ಎಂದರು. ಹಗಲು ಪೂರ್ತಿ ದೀಪ ಉರಿಸಿ, ಬಿಸಿ ಜಾಗದಲ್ಲಿ 40 ಡಿಗ್ರಿ ಇರುವಂತೆ ನೋಡಿಕೊಳ್ಳಿ; ಹಿಕ್ಕೆ ಹಾಕಿದ ಮೇಲೆ ಅದನ್ನು ಪರೀಕ್ಷೆಗೆ ತನ್ನಿ ಎಂದು ಕಳುಹಿಸಿದರು. ಹೊಟ್ಟೆಯಲ್ಲಿ ಪರೋಪಜೀವಿಗಳಿದ್ದರೆ, ಓತಿ ಮಲಗಿ ಬಲಗುಂದಿದ ಹೊತ್ತಿನಲ್ಲಿ ಅವು ಮೇಲುಗೈ ಪಡೆಯಬಹುದು. ಆ ಪರೀಕ್ಷೆ ಚಳಿಗಾಲಕ್ಕೆ ಮೊದಲೇ ಆಗಬೇಕಿತ್ತು ಎಂದು ಸ್ವಲ್ಪ ಗದರಿದರಂತೆ.

ಆ ಮನೆಯಲ್ಲಿ ಮುಂದಿನ ನಾಲ್ಕು ದಿನ ಬೇರೆ ಮಾತೇ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಕಚೇರಿಯಿಂದ ಫೋನು ಮಾಡಿ ಮಗಳನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಐದನೆಯ ದಿನ ನನಗೆ ಸಂದೇಶ ಬಂತು: "ಸರ್, ಹಾಕಿತು!" ಒಂದು ಓತಿಯ ಹಿಕ್ಕೆಗಾಗಿ ಎರಡು ದೇಶಗಳಲ್ಲಿ ಜನ ಸಂತೋಷಪಟ್ಟದ್ದು ಬಹುಶಃ ಅಪರೂಪ.

ಕಾಯುವವರು ಮಾಡಬೇಕಾದದ್ದು

ಪರೀಕ್ಷೆಯಲ್ಲಿ ದೋಷವೇನೂ ಕಾಣಲಿಲ್ಲ. ಆಮೇಲೆ ರಾಗಿಯನ್ನು ಮಲಗಲು ಬಿಟ್ಟರು. ಡಾಕ್ಟರು ಹೇಳಿದ ಕ್ರಮ ಹೀಗಿತ್ತು.

ದೀಪವನ್ನು ಒಂದೇ ದಿನ ಆರಿಸಬಾರದು. ಎರಡು ವಾರಗಳಲ್ಲಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಬೆಳಕಿನ ಮತ್ತು ಶಾಖದ ಹೊತ್ತು ಕಡಿಮೆ ಮಾಡಬೇಕು. ಈ ಅವಧಿಯಲ್ಲಿ ಆಹಾರ ಕೊಡಬಾರದು, ನೀರು ಇಡಬೇಕು. ಮಲಗಲು ಕತ್ತಲೆಯ, ತಂಪಾದ, ಗಾಳಿ ರಾಚದ ಒಂದು ಗೂಡಿರಬೇಕು. ತಟ್ಟೆಯ ನೀರು ಆಳವಿರಬಾರದು; ಮಂಪರಿನಲ್ಲಿರುವ ಪ್ರಾಣಿ ಅದರಲ್ಲಿ ಮುಳುಗೀತು. ಬಿಸಿನೀರಿನ ಸ್ನಾನ, ಪದೇ ಪದೇ ಎತ್ತುವುದು, ಎಬ್ಬಿಸಿ ನೋಡುವುದು ಕೂಡದು. ಒಮ್ಮೆ ಎಬ್ಬಿಸಿದರೆ ಕೂಡಿಟ್ಟ ಶಕ್ತಿಯಲ್ಲಿ ಅಷ್ಟು ಖರ್ಚಾಯಿತೆಂದೇ ಲೆಕ್ಕ. ಒಂದು ವರ್ಷ ತುಂಬದ ಮರಿ, ಬಡಕಲು ಪ್ರಾಣಿ ಮತ್ತು ಕಾಯಿಲೆಯ ಪ್ರಾಣಿಗಳು ಹೀಗೆ ಮಲಗಲು ಹೊರಟರೆ ಕಾಯುತ್ತಾ ಕೂರದೆ ಡಾಕ್ಟರಿಗೆ ತೋರಿಸಬೇಕು. ಅವುಗಳಲ್ಲಿ ಕೂಡಿಟ್ಟ ಕೊಬ್ಬು ಸಾಕಷ್ಟಿರುವುದಿಲ್ಲ.

ಹಾಗೆಂದು ಮರೆತುಬಿಡುವಂತೆಯೂ ಇಲ್ಲ. ದಿನಕ್ಕೊಮ್ಮೆ ದೂರದಿಂದ ಇಣುಕಬೇಕು. ಎರಡು ವಾರಕ್ಕೊಮ್ಮೆ ಮೆತ್ತಗೆ ಎತ್ತಿ ತೂಗಬೇಕು. ಮಲಗಿದ ಓತಿಯ ತೂಕ ಇಳಿಯುವುದು ಅತ್ಯಲ್ಪ. ಶೇಕಡ 10ರಷ್ಟು ಇಳಿದರೆ, ಕಣ್ಣು ಗುಳಿಬಿದ್ದರೆ, ಬಾಯಿ ತೆರೆದು ಉಸಿರಾಡಿದರೆ, ಬಾಯಲ್ಲಿ ಲೋಳೆ ಬಂದರೆ, ಭೇದಿಯಾದರೆ ಅದು ನಿದ್ದೆಯಲ್ಲ. ತಕ್ಷಣ ಡಾಕ್ಟರಲ್ಲಿಗೆ ಓಡಬೇಕು. ಮುಟ್ಟಿದವರು ಪ್ರತಿಸಲವೂ ಸೋಪಿನಿಂದ ಕೈ ತೊಳೆಯಬೇಕು. ಆರೋಗ್ಯವಾಗಿರುವ ಸರೀಸೃಪಗಳ ಮೈಮೇಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು.

ಹುಡುಗಿಯ ನೋಟುಪುಸ್ತಕ

ತೂಗುವ ಕೆಲಸವನ್ನು ಮಗಳಿಗೇ ವಹಿಸು ಎಂದು ನಾನು ಸಲಹೆ ಕೊಟ್ಟೆ. ಆ ಹುಡುಗಿ ಒಂದು ನೋಟುಪುಸ್ತಕ ಮಾಡಿದಳು. ಮೊದಲ ಪುಟದಲ್ಲಿ ಲೆಕ್ಕ: 412ರಲ್ಲಿ ಶೇಕಡ 10 ಎಂದರೆ ಸುಮಾರು 41, 412ರಿಂದ 41 ಕಳೆದರೆ 371. ನಕ್ಷೆಯ ಹಾಳೆಯಲ್ಲಿ 371ರ ಮೇಲೆ ಕೆಂಪು ಗೆರೆ ಎಳೆದಳು. ಆ ಗೆರೆ ಮುಟ್ಟಿದರೆ ಡಾಕ್ಟರು, ಮುಟ್ಟುವವರೆಗೆ ತಾಳ್ಮೆ. ಅಡುಗೆಮನೆಯ ತಕ್ಕಡಿ ಬೇಡವೆಂದು ಅಮ್ಮ ಬೇರೆಯದೇ ಕೊಡಿಸಿದಳು.

ಎರಡು ವಾರಕ್ಕೊಮ್ಮೆ ಅಂಕಿ ನನ್ನ ಮೊಬೈಲಿಗೆ ಬರುತ್ತಿತ್ತು. 412. ನಂತರ 409. ನಂತರ 407. ಆರನೆಯ ವಾರ ಬಂದದ್ದು 414! ಏನೂ ತಿನ್ನದ ಪ್ರಾಣಿ 7 ಗ್ರಾಂ ಹೆಚ್ಚುವುದುಂಟೇ? "ತಕ್ಕಡಿ ಕೆಟ್ಟಿದೆ ತಾತ" ಎಂದಳು ಹುಡುಗಿ. ಒಂದು ಸೇಬನ್ನು ತೂಗಿ, ಅದನ್ನೇ ಬೇರೆ ತಕ್ಕಡಿಯಲ್ಲೂ ತೂಗಿ ನೋಡು ಎಂದೆ. ಎರಡೂ ಒಂದೇ ತೋರಿಸಿದವು. ಹಾಗಾದರೆ? ನೀರಿನ ತಟ್ಟೆ ನೋಡಿದಾಗ ಅರ್ಧ ಖಾಲಿ. ಯಾರಿಗೂ ಗೊತ್ತಾಗದ ಹಾಗೆ ರಾಗಿ ರಾತ್ರಿ ಎದ್ದು ಬಂದು ನೀರು ಕುಡಿದು ಮತ್ತೆ ಮಲಗಿತ್ತು. ಪುಸ್ತಕದಲ್ಲಿ ನಾನು ಓದಿದ್ದನ್ನು ಆ ಮಗು ತಕ್ಕಡಿಯಲ್ಲಿ ಕಂಡಳು. ಮುಂದಿನ ಸಲ 404, ಕೊನೆಯ ಸಲ 400. ಹತ್ತು ವಾರದಲ್ಲಿ ಇಳಿದದ್ದು 12 ಗ್ರಾಂ, ಅಂದರೆ ಶೇಕಡ 3ಕ್ಕೂ ಕಡಿಮೆ.

ಆಗಸ್ಟ್ ಕೊನೆಯ ವಾರ ಒಂದು ಬೆಳಿಗ್ಗೆ ರಾಗಿ ಮರದ ತುಂಡಿನ ಹೊರಗೆ ತಲೆ ಇಟ್ಟಿತ್ತು. ಒಂದು ಕಣ್ಣು ತೆರೆದಿತ್ತು. ಮೂವರೂ ಕುಣಿದಾಡಿದರು. ಆದರೆ ಈ ಹಂತದಲ್ಲೂ ಅವಸರ ಸಲ್ಲದು. ಮೊದಲು ಬೆಳಕು ಮತ್ತು ಶಾಖ, ಅದೂ ದಿನದಿನಕ್ಕೆ ಹೆಚ್ಚಿಸುತ್ತಾ. ಅತಿನೇರಳೆ ಕಿರಣದ ದೀಪವೂ ಬೇಕು. ಆ ಕಿರಣವಿಲ್ಲದೆ ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗದು, ಅದಿಲ್ಲದೆ ಮೂಳೆಗೆ ಸುಣ್ಣ ಹತ್ತದು. ಕಿಟಕಿಯ ಗಾಜು ಈ ಕಿರಣವನ್ನು ತಡೆಯುವುದರಿಂದ ಗಾಜಿನ ಹಿಂದಿನ ಬಿಸಿಲು ಪ್ರಯೋಜನಕ್ಕೆ ಬಾರದು. ಆಮೇಲೆ ನೀರು. ಮೈ ಪೂರ್ತಿ ಬಿಸಿಯಾಗಿ ಓಡಾಡಲು ತೊಡಗಿದ ಮೇಲಷ್ಟೇ ಸ್ವಲ್ಪ ಸೊಪ್ಪು, ಒಂದೆರಡು ಹುಳು. ನಾಲ್ಕನೆಯ ದಿನ ರಾಗಿ ಒಂದು ಎಲೆ ತಿಂದಿತು. ಆ ಚಿತ್ರ ಇನ್ನೂ ನನ್ನ ಮೊಬೈಲಿನಲ್ಲಿದೆ.

ನಮ್ಮೂರಿನ ಬೇಲಿ

ಈ ನಡುವೆ ಒಂದು ದಿನ ಆ ಹುಡುಗಿಗೆ ನನ್ನ ಬಾಲ್ಯದ ಕಥೆ ಹೇಳಿದೆ. ಆಗ ನನಗೆ ಎಂಟೋ ಒಂಬತ್ತೋ ವರ್ಷ. ಪುಷ್ಯ ಮಾಸದ ಒಂದು ಮುಂಜಾನೆ, ಕತ್ತಾಳೆ ಬೇಲಿಯ ಬುಡದಲ್ಲಿ ಒಂದು ಓತಿಕ್ಯಾತ ಬಿದ್ದಿತ್ತು. ಕಡ್ಡಿಯಿಂದ ತಿವಿದೆವು; ಅಲುಗಲಿಲ್ಲ. ಸತ್ತಿದೆ ಎಂದು ತೀರ್ಮಾನಿಸಿ, ಎಲೆಯ ಚಟ್ಟ ಕಟ್ಟಿ, ಬಾಯಲ್ಲೇ ತಮಟೆ ಬಾರಿಸುತ್ತಾ ಮೆರವಣಿಗೆ ಮಾಡಿ, ಗುಂಡಿ ತೋಡಿ ಹೂತೆವು. ಮೇಲೆ ತುಂಬೆ ಹೂವನ್ನೂ ಹಾಕಿದೆವು. ಹತ್ತು ವರ್ಷದ ನಂತರ ಬಿಎಸ್ಸಿ ತರಗತಿಯಲ್ಲಿ ಅಧ್ಯಾಪಕರು ಶೀತರಕ್ತ ಪ್ರಾಣಿಗಳು ಚಳಿಯಲ್ಲಿ ಮರಗಟ್ಟುವ ಪಾಠ ಮಾಡುತ್ತಿದ್ದಾಗ ಆ ಗುಂಡಿ ನೆನಪಾಗಿ ನನಗೆ ಬೆವರು ಬಂತು. ಅಂದು ನಾವು ಹೂತದ್ದು ಸತ್ತದ್ದನ್ನೋ, ಮಲಗಿದ್ದನ್ನೋ? ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎಂದು ಗಾದೆಯಿದೆ. ಆ ಬೇಲಿಯೂ ಈಗ ಇಲ್ಲ.

ಕಥೆ ಕೇಳಿದ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದಳು: "ತಾತ, ಬಿಸಿಲು ಬರುವವರೆಗೆ ನೀವು ಯಾಕೆ ಕಾಯಲಿಲ್ಲ?"

ಮೂವತ್ತು ವರ್ಷ ಪಾಠ ಹೇಳಿದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ತಂದೆತಾಯಿಗಳಿಗೆ ಒಂದು ಮಾತು. ಇದನ್ನು ಓದಿ ಮಗು ಗಡ್ಡದ ಓತಿ ಬೇಕೆಂದು ಹಟ ಮಾಡಿದರೆ ದಯವಿಟ್ಟು ತರಬೇಡಿ. ಆಸ್ಟ್ರೇಲಿಯಾ ತನ್ನ ನೆಲದ ಈ ಪ್ರಾಣಿಗಳನ್ನು ವ್ಯಾಪಾರಕ್ಕೆಂದು ಜೀವಂತವಾಗಿ ಹೊರದೇಶಕ್ಕೆ ಕಳುಹಿಸಲು ಬಿಡುವುದಿಲ್ಲ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಅದನ್ನು ಮನೆಯಲ್ಲಿ ಸಾಕಲೂ ಪರವಾನಗಿ ಬೇಕು. ರಾಗಿಯ ಮನೆಯವರು ಅದನ್ನು ಪಡೆದಿದ್ದಾರೆ. ನಮ್ಮಲ್ಲೂ ನಕ್ಷತ್ರ ಆಮೆ, ಉಡ ಮುಂತಾದವನ್ನು ಹಿಡಿದು ಸಾಕುವುದು ಶಿಕ್ಷಾರ್ಹ ಅಪರಾಧ. ಮೇಲಾಗಿ, ದುಡ್ಡು ಕೊಟ್ಟು ತರಬೇಕಾದ ಅಗತ್ಯವೇ ಇಲ್ಲ. ಅದರ ದಾಯಾದಿ ಪುಕ್ಕಟೆಯಾಗಿ ನಿಮ್ಮ ಬೇಲಿಯ ಮೇಲೆಯೇ ಕೂತಿದೆ.

ಮಾಡಿ ನೋಡಿ

ಡಿಸೆಂಬರ್ ಮತ್ತು ಜನವರಿ ತಿಂಗಳ ಬೆಳಿಗ್ಗೆ ಏಳಕ್ಕೆ, ಒಂಬತ್ತಕ್ಕೆ ಮತ್ತು ಹನ್ನೊಂದಕ್ಕೆ ಒಂದೇ ಬೇಲಿ ಅಥವಾ ಹಿತ್ತಲನ್ನು ಹತ್ತು ಹತ್ತು ನಿಮಿಷ ನೋಡಿ. ಓತಿಕ್ಯಾತ ಕಂಡರೆ ಗಂಟೆ, ಉಷ್ಣತೆ, ಅದು ಬಿಸಿಲಿನಲ್ಲಿತ್ತೋ ನೆರಳಿನಲ್ಲೋ, ಮೈಬಣ್ಣ ಕಪ್ಪಗಿತ್ತೋ ತಿಳಿಯಾಗಿತ್ತೋ ಬರೆದಿಡಿ. ಮುಟ್ಟಬೇಡಿ, ಕಲ್ಲು ಹೊಡೆಯಬೇಡಿ. ಇದನ್ನೇ ಏಪ್ರಿಲ್ ತಿಂಗಳಲ್ಲಿ ಮತ್ತೆ ಮಾಡಿ ಎರಡನ್ನೂ ಹೋಲಿಸಿ. ಉತ್ತರ ಭಾರತದಲ್ಲಿ ನೆಂಟರಿದ್ದರೆ ಅವರನ್ನೂ ಕೇಳಿ. ಅಲ್ಲಿನ ಕಡುಚಳಿಯಲ್ಲಿ ಓತಿಕ್ಯಾತ ಕಣ್ಣಿಗೇ ಬೀಳದೆ ಅಡಗಿರುತ್ತದೆ.

ಚಳಿಯ ಮುಂಜಾನೆ ಬೇಲಿಯ ಬುಡದಲ್ಲಿ ಅಲುಗದೆ ಬಿದ್ದ ಓತಿಕ್ಯಾತ ಕಂಡರೆ, ಬಿಸಿಲು ಏರುವವರೆಗೆ ಅಲ್ಲೇ ಬಿಟ್ಟು ಕಾಯಿರಿ. ನಾನು ಕಾಯಲಿಲ್ಲ.